ಹೊರಗಿನ ಬೋರ್ಡು, ಒಳಗಿನ ಪಾಠ

ಬೀದರಿನಲ್ಲಿ ದೊಡ್ಡ ಸಮಾರಂಭವಿದ್ದರೆ ಆಹ್ವಾನ ಪತ್ರಿಕೆಯ ಕೆಳಗಡೆ ಸ್ಥಳದ ಹೆಸರು ಉದ್ದಕ್ಕೆ ಅಚ್ಚಾಗಿರುತ್ತದೆ: ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ರಂಗಮಂದಿರ. ಬಾಯಿ ಮಾತಿಗೆ ಬಂದಾಗ ಅದು ಬರೀ ರಂಗಮಂದಿರ. ‘ರಂಗಮಂದಿರದಾಗ ಕಾರ್ಯಕ್ರಮ ಅದಾ, ಬರ್ರಿ’ ಎಂದರೆ ಆಟೋದವರಿಗೂ ಸಾಕು. ಶಾಲೆಯ ವಾರ್ಷಿಕೋತ್ಸವಕ್ಕೆಂದು ಹೊಸ ಬಟ್ಟೆ ತೊಟ್ಟು ಒಳಗೆ ನುಗ್ಗುವ ಮಕ್ಕಳು ಬಾಗಿಲ ಮೇಲಿನ ಹೆಸರನ್ನು ಓದುವುದೇ ಅಪರೂಪ. ಅವರು ಕನ್ನಡದಲ್ಲಿ ಹಾಡುತ್ತಾರೆ, ಕನ್ನಡದಲ್ಲಿ ಭಾಷಣ ಉರು ಹೊಡೆಯುತ್ತಾರೆ. ಆ ಹೆಸರಿನವರು, ಭಾಲ್ಕಿ ಹಿರೇಮಠದ ಸ್ವಾಮಿಗಳು, ಬಯಸಿದ್ದು ಇಷ್ಟನ್ನೇ ಇರಬೇಕು.

ಧಾರ್ಮಿಕ ಮುಖಂಡರೊಬ್ಬರ ದೀರ್ಘ ಸೇವೆಯನ್ನು ರಾಜ್ಯ ಹೇಗೆ ಗುರುತಿಸುತ್ತದೆ? ಶಾಸನಸಭೆ, ಸರ್ಕಾರ, ಪ್ರಶಸ್ತಿ ಸಮಿತಿ, ಕೊನೆಗೆ ಊರ ನಗರಸಭೆ, ಇವೆಲ್ಲ ಕೂಡಿ ಒಬ್ಬರನ್ನು ನೆನಪಿನಲ್ಲಿಡುವ ಬಗೆ ಯಾವುದು? ಈ ಪ್ರಶ್ನೆಯನ್ನು ಬೆಂಗಳೂರಿನಿಂದ ಕೇಳುವುದಕ್ಕಿಂತ ಬೀದರ್, ಭಾಲ್ಕಿ, ಔರಾದಗಳಿಂದ ಕೇಳಿದರೆ ಹೆಚ್ಚು ತಿಳಿಯುತ್ತದೆ. ಇಲ್ಲಿ ಮಠವಿದೆ, ದರ್ಗಾ ಇದೆ, ಗುರುದ್ವಾರವಿದೆ, ನೂರು ವರ್ಷ ದಾಟಿದ ಮೆಥೋಡಿಸ್ಟ್ ಸಭೆಗಳಿವೆ. ಎಲ್ಲ ಕಡೆಯೂ ಸೇವೆ ನಡೆದಿದೆ. ಗುರುತಿಸಿಕೊಂಡದ್ದು ಮಾತ್ರ ಒಂದೇ ಸಮನಾಗಿಲ್ಲ.

ಮೊದಲು ಸದನದ ಪದ್ಧತಿಯನ್ನೇ ನೋಡೋಣ. ನಮ್ಮ ವಿಧಾನಮಂಡಲ ಬದುಕಿರುವವರನ್ನು ಹೊಗಳುವುದರಲ್ಲಿ ಜಿಪುಣ, ಸತ್ತವರ ವಿಷಯದಲ್ಲಿ ಧಾರಾಳಿ. ಅಧಿವೇಶನ ಶುರುವಾದೊಡನೆ ಸಂತಾಪ ಸೂಚನೆ. ಅಗಲಿದವರು ಎಲ್ಲಿ ಹುಟ್ಟಿದರು, ಏನು ಓದಿದರು, ಯಾವ ಹುದ್ದೆ ಹಿಡಿದಿದ್ದರು ಎಂದು ಸಭಾಧ್ಯಕ್ಷರು ಓದುತ್ತಾರೆ. ಪಕ್ಷದ ನಾಯಕರು ನಾಲ್ಕು ಮಾತು ಸೇರಿಸುತ್ತಾರೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಾರೆ, ಸಂತಾಪವನ್ನು ಕುಟುಂಬಕ್ಕೆ ತಿಳಿಸಲಾಗುತ್ತದೆ. ಮಾಜಿ ಶಾಸಕರ ಜೊತೆಗೆ ಕಲಾವಿದರು, ಸಾಹಿತಿಗಳು, ಮಠಾಧೀಶರು ಈ ಪಟ್ಟಿಗೆ ಬರುತ್ತಾರೆ. ಅಷ್ಟಾದ ಮೇಲೆ ಆ ಮಾತೆಲ್ಲ ನಡವಳಿಗಳ ಸಂಪುಟ ಸೇರುತ್ತದೆ. ಆ ಸಂಪುಟ ತೆರೆದು ಓದುವವರು ಸಂಶೋಧನ ವಿದ್ಯಾರ್ಥಿಗಳು ಮತ್ತು ನನ್ನಂಥ ಕೆಲಸವಿಲ್ಲದವರು.

ಅಮೆರಿಕದ ರಾಜ್ಯ ಶಾಸನಸಭೆಗಳಲ್ಲಿ ಇದು ಬೇರೆ ಥರ. ಅಲ್ಲಿ ಒಂದು ಸಣ್ಣ ಊರಿನ ಪಾಸ್ಟರ್ ಮೂವತ್ತು ನಲವತ್ತು ವರ್ಷ ಸೇವೆ ಮುಗಿಸಿ ನಿವೃತ್ತರಾದರೆ ಆ ಕ್ಷೇತ್ರದ ಸದಸ್ಯರು ಅಭಿನಂದನಾ ನಿರ್ಣಯ ಮಂಡಿಸುವುದು ನಿತ್ಯದ ಮಾತು. ಚರ್ಚೆಯಿಲ್ಲದೆ ಅದು ಅಂಗೀಕಾರವಾಗುತ್ತದೆ, ಮುದ್ರೆ ಒತ್ತಿದ ಪ್ರತಿ ಪಾಸ್ಟರರ ಮನೆಯ ಗೋಡೆಗೆ ಹೋಗುತ್ತದೆ. ಇದರಲ್ಲಿ ಓಟಿನ ಲೆಕ್ಕ ಇಲ್ಲವೆನ್ನಲು ನಾನು ಅಷ್ಟು ಮುಗ್ಧನಲ್ಲ. ಆದರೂ ಆ ನಿರ್ಣಯಗಳ ಒಂದು ಗುಣ ನನಗೆ ಹಿಡಿಸುತ್ತದೆ. ಕಂಡಿಕೆಯ ಮೇಲೆ ಕಂಡಿಕೆಯಾಗಿ ಅವು ವಿವರ ಹೇಳುತ್ತವೆ: ಯಾವ ವರ್ಷ ಯಾವ ಸಭೆಗೆ ಬಂದರು, ಏನು ಕಟ್ಟಿದರು, ಎಷ್ಟು ಕಾಲ ಇದ್ದರು. ನಮ್ಮಲ್ಲಿ ವಿವರದ ಜಾಗವನ್ನು ವಿಶೇಷಣ ಕಬಳಿಸುತ್ತದೆ. ‘ನಡೆದಾಡುವ ದೇವರು’ ಎಂದ ಮೇಲೆ ಆ ದೇವರು ಯಾವ ದಾರಿಯಲ್ಲಿ, ಯಾತಕ್ಕಾಗಿ ನಡೆದರು ಎಂದು ಕೇಳುವವರಿಲ್ಲ.

ಪಟ್ಟದ್ದೇವರು ನಡೆದ ದಾರಿಯನ್ನು ಹೇಳುತ್ತೇನೆ. ಹುಟ್ಟಿದ್ದು 1890ರ ಡಿಸೆಂಬರ್ 22ರಂದು, ಕಮಲನಗರದಲ್ಲಿ. ಬಹುಕಾಲ ಔರಾದ ತಾಲೂಕಿನಲ್ಲಿದ್ದ ಆ ಊರು ಈಗ ಸ್ವತಃ ತಾಲೂಕಾಗಿದೆ. 1924ರಲ್ಲಿ ಭಾಲ್ಕಿ ಹಿರೇಮಠದ ಪಟ್ಟ. ಆಗ ಬೀದರ್ ಜಿಲ್ಲೆ ಹೈದರಾಬಾದ್ ನಿಜಾಮರ ಸೀಮೆ. ಕಚೇರಿ ಉರ್ದು, ಶಾಲೆ ಉರ್ದು, ಅರ್ಜಿ ಉರ್ದು. ಪೇಟೆಯಲ್ಲಿ ಮರಾಠಿಯ ಜೋರು, ಪೂರ್ವದ ಅಂಚಿಗೆ ತೆಲುಗು. ಕನ್ನಡ ಮನೆಯೊಳಗಿನ, ಹೊಲದ ಬದುವಿನ ಮಾತು. ಅದನ್ನು ಬರೆಯಲು ಕಲಿಸುವ ಜಾಗವಿರಲಿಲ್ಲ.

ಆ ಕಾಲದ ಕತೆ ಈ ಭಾಗದ ಮನೆಮನೆಗೂ ಗೊತ್ತು: ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಕೇಳಲು ಚತುರ ಉಪಾಯದಂತೆ ಕಾಣುವ ಈ ಮಾತಿನ ಹಿಂದೆ ದಿನದಿನದ ಅಂಜಿಕೆಯಿದೆ. ತಪಾಸಣೆಗೆ ಯಾರು ಬಂದಾರು, ಯಾವ ಹುಡುಗ ಬಾಯಿ ಬಿಟ್ಟಾನು, ಮಾಸ್ತರನ ಸಂಬಳಕ್ಕೆ ಈ ತಿಂಗಳು ಯಾರ ಮನೆಯ ಜೋಳ. ಸ್ವಾಮಿಗಳು ಜೋಳಿಗೆ ಹಾಕಿಕೊಂಡು ಹಳ್ಳಿ ತಿರುಗಿದರು. ಮಠದ ಜೋಳಿಗೆಗೆ ಕಾಳು ಹಾಕುವುದು ಧರ್ಮವೆಂದು ನಂಬಿದ್ದ ರೈತ, ಅದೇ ಕಾಳು ಅಕ್ಷರವಾಗುವುದನ್ನು ಕಂಡ. ಕಮಲನಗರದಲ್ಲಿ, ಮುಂದೆ ಭಾಲ್ಕಿಯಲ್ಲಿ ಬೇರೂರಿದ ಶಾಂತಿವರ್ಧಕ ವಿದ್ಯಾಸಂಸ್ಥೆಯ ಹಿಂದೆ ಈ ತಿರುಗಾಟವಿದೆ. ಅದೇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಇಂದು ಭಾಲ್ಕಿಯ ಹಿರಿಯ ರಾಜಕಾರಣಿ, ಸ್ವಾತಂತ್ರ್ಯ ಹೋರಾಟಗಾರ ಭೀಮಣ್ಣ ಖಂಡ್ರೆಯವರ ಹೆಸರಿನಲ್ಲಿದೆ. ಹೆಸರಿಡುವುದರ ಬಗ್ಗೆ ಬರೆಯುವಾಗ ಇದನ್ನೂ ಬರೆಯಬೇಕು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಬೀದರಿನ ಪಾಲಿಗೆ ನಿಜವಾದ ಪರೀಕ್ಷೆ ಎಂಟು ವರ್ಷದ ನಂತರ ಬಂತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ ಮೈಸೂರು ರಾಜ್ಯಕ್ಕೆ. ಭಾಲ್ಕಿ, ಔರಾದಗಳ ಮೇಲೆ ಮರಾಠಿಯ ಹಕ್ಕು ಹೇಳುವವರು ಆಗಲೂ ಇದ್ದರು, ಇಂದಿಗೂ ಇದ್ದಾರೆ. ಆ ಊರುಗಳಲ್ಲಿ ಕನ್ನಡ ಓದಬಲ್ಲ ಒಂದು ತಲೆಮಾರು ಆ ಹೊತ್ತಿಗೆ ತಯಾರಾಗಿತ್ತು. ನಕ್ಷೆಯ ಗೆರೆ ಎಳೆಯುವವರಿಗೆ ಅಂಥ ತಲೆಮಾರೇ ಸಾಕ್ಷಿ. ಸೊಲ್ಲಾಪುರದಲ್ಲಿ ಜಯದೇವಿತಾಯಿ ಲಿಗಾಡೆಯವರು ಇದೇ ಹೋರಾಟ ಮಾಡಿದರು, ಕನ್ನಡ ಶಾಲೆ ತೆರೆದರು. ಸೊಲ್ಲಾಪುರ ಈಚೆ ಬರಲಿಲ್ಲ. ಗೆದ್ದವರನ್ನು ಮಾತ್ರ ಗೌರವಿಸುವ ಚಾಳಿ ಇರುವಲ್ಲಿ ಅವರನ್ನೂ ನೆನೆಯಬೇಕು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು, ಆ ಪೀಠ ಏರಿದ ಮೊದಲ ಮಹಿಳೆ.

ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎದ್ದು ನಿಲ್ಲುವಂತೆ ಮಾಡಿದ್ದೂ ಪಟ್ಟದ್ದೇವರೇ. 1999ರ ಏಪ್ರಿಲ್ 22ರಂದು ಅವರು ಲಿಂಗೈಕ್ಯರಾದಾಗ ನೂರೆಂಟು ವರ್ಷ ತುಂಬಿತ್ತು. ಅವರ ನಂತರದ ಬಸವಲಿಂಗ ಪಟ್ಟದ್ದೇವರು ಹೆತ್ತವರು ಬಿಟ್ಟುಹೋದ ಹಸುಗೂಸುಗಳನ್ನು ಮಠಕ್ಕೆ ತಂದು ಸಾಕುವ ಕೆಲಸವನ್ನೂ ಕೈಗೆತ್ತಿಕೊಂಡರು.

ಇಷ್ಟು ದೊಡ್ಡ ಬಾಳಿಗೆ ರಾಜ್ಯ ಕೊಟ್ಟದ್ದೇನು? ರಂಗಮಂದಿರದ ಹೆಸರು, ಜಯಂತಿಯ ದಿನ ವೇದಿಕೆಗೆ ಬರುವ ಮಂತ್ರಿಗಳು, ಗದ್ದುಗೆಯ ಮುಂದೆ ಭರವಸೆಗಳು. ಅವರು ಕಟ್ಟಿದ ಅನುಭವ ಮಂಟಪಕ್ಕೆ ಮಾತ್ರ ರಾಜ್ಯದ ದೊಡ್ಡ ಕೈ ಚಾಚಿತು. 2021ರ ಜನವರಿ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲಿಟ್ಟರು. ಅಂದಾಜು ನೂರಾರು ಕೋಟಿ ರೂಪಾಯಿಯದು. 2024ರ ಜನವರಿಯಲ್ಲಿ ಸಿದ್ದರಾಮಯ್ಯನವರ ಸಂಪುಟ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಹನ್ನೆರಡನೆಯ ಶತಮಾನದವರಿಗೆ ಇಪ್ಪತ್ತೊಂದನೆಯ ಶತಮಾನದಲ್ಲಿ ಮನ್ನಣೆ. ಅಷ್ಟು ಕಾಲ ಕಾಯಬಲ್ಲವರನ್ನು ಸರ್ಕಾರ ಎಂದೂ ಕೈ ಬಿಡುವುದಿಲ್ಲ.

ಈ ನೆಲದಲ್ಲಿ ಆಳುವವರು ಧರ್ಮಗುರುಗಳನ್ನು ಗೌರವಿಸಿದ್ದು ಹೊಸದೇನಲ್ಲ. ಹದಿನೈದನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿ ಮಾಡಿಕೊಂಡ ಅಹ್ಮದ್ ಶಾ ಬಹಮನಿ ಇರಾನಿನ ಕಿರ್ಮಾನದಿಂದ ಸೂಫಿ ಮನೆತನವನ್ನೇ ಕರೆಸಿಕೊಂಡ. ಅಷ್ಟೂರಿಗೆ ಹೋಗುವ ದಾರಿಯಲ್ಲಿ ದಿಬ್ಬದ ಮೇಲೆ ಕಾಣುವ ಚೌಖಂಡಿ ಆ ಮನೆತನದ ಖಲೀಲುಲ್ಲಾರ ಗೋರಿ. ಅದರಾಚೆ ಅಷ್ಟೂರಿನಲ್ಲಿ ಸುಲ್ತಾನನೇ ಸಂತನಾಗಿ ಮಲಗಿದ್ದಾನೆ. ಉರುಸಿಗೆ ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಅವನನ್ನೇ ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುವ ಭಕ್ತರೂ ಬರುತ್ತಾರೆ. ರಾಜ ಕೊಟ್ಟ ಗೌರವವೆಲ್ಲ ಕಲ್ಲಿನಲ್ಲಿ, ಭೂಮಿಯಲ್ಲಿ ಇರುತ್ತಿತ್ತು. ಪ್ರತಿಯಾಗಿ ಗುರುವಿನ ಆಶೀರ್ವಾದ ಗದ್ದುಗೆಗೆ ಸಿಗುತ್ತಿತ್ತು. ಈ ಕೊಡುಕೊಳ್ಳುವಿಕೆ ಗಣರಾಜ್ಯ ಬಂದ ಮೇಲೆ ನಿಂತಿದೆ ಎಂದು ಪುಸ್ತಕ ಹೇಳುತ್ತದೆ. ಚುನಾವಣೆ ಹತ್ತಿರ ಬಂದಾಗ ಯಾವ ಮಠದ ಅಂಗಳದಲ್ಲಾದರೂ ನಿಂತು ನೋಡಬಹುದು.

ಪುಸ್ತಕದ ಮಾತು ಇಷ್ಟು. ಸಂವಿಧಾನದ 18ನೇ ವಿಧಿ ರಾಜ್ಯವು ಬಿರುದು ಕೊಡುವುದನ್ನು ತಡೆಯುತ್ತದೆ. ಸೇನೆಯ ಮತ್ತು ವಿದ್ಯೆಯ ಗೌರವಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಗಳು ಬಿರುದಲ್ಲವೇ ಎಂಬ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿ, ಬಾಲಾಜಿ ರಾಘವನ್ ಪ್ರಕರಣದಲ್ಲಿ 1995ರ ಡಿಸೆಂಬರಿನಲ್ಲಿ ತೀರ್ಪು ಬಂತು: ಪ್ರಶಸ್ತಿ ಕೊಡಬಹುದು, ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳಬಾರದು. ಭಾಲ್ಕಿ ಶ್ರೀಗಳ ಹೆಸರಿಗೆ ಅಂಟಿದ ‘ಡಾ.’ ಗೌರವ ಪದವಿಯದಾದ್ದರಿಂದ ವಿನಾಯಿತಿಯ ನೆರಳಿನಲ್ಲಿ ಬದುಕಿದೆ. ಇನ್ನು 27ನೇ ವಿಧಿ, ಒಂದು ನಿರ್ದಿಷ್ಟ ಧರ್ಮದ ಪ್ರಚಾರಕ್ಕೆಂದು ಯಾರಿಂದಲೂ ತೆರಿಗೆ ವಸೂಲು ಮಾಡಬಾರದು ಎನ್ನುತ್ತದೆ. ಹಾಗಾದರೆ ಸದನ ಒಬ್ಬ ಸ್ವಾಮಿಯನ್ನೋ ಬಿಷಪ್ಪರನ್ನೋ ಅಭಿನಂದಿಸಿದರೆ ತಪ್ಪೇ? ತಪ್ಪಲ್ಲವೆಂದೇ ನನ್ನ ಎಣಿಕೆ. ಆದರೆ ಯಾವುದಕ್ಕಾಗಿ ಎಂಬುದನ್ನು ಸದನ ಬಾಯಿಬಿಟ್ಟು ಹೇಳಬೇಕು. ಶಾಲೆಗಾಗಿ, ಆಸ್ಪತ್ರೆಗಾಗಿ, ಊಟ ಹಾಕಿದ್ದಕ್ಕಾಗಿ ಎಂದರೆ ಅದು ಎಲ್ಲರ ಮಾತು. ‘ಪರಮಪೂಜ್ಯ’ ಎಂದು ನಿಲ್ಲಿಸಿದರೆ ಅದು ಒಂದು ಗುಂಪಿನ ಮಾತು.

1991ರಲ್ಲಿ ಸರ್ಕಾರ ಆರಂಭಿಸಿದ ಕರ್ನಾಟಕ ರತ್ನದ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಮುಂದಾಳುಗಳಾಗಿ ಕಾಣುವವರು ಇಬ್ಬರು. 2007ರಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು, 2009ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು. ಸಿದ್ಧಗಂಗಾ ಶ್ರೀಗಳಿಗೆ 2015ರಲ್ಲಿ ಪದ್ಮಭೂಷಣವೂ ಬಂತು. 2019ರ ಜನವರಿ 21ರಂದು ಅವರು ತೀರಿಕೊಂಡಾಗ ರಾಜ್ಯಕ್ಕೆ ಮೂರು ದಿನದ ಶೋಕ, ಮರುದಿನ ರಜೆ. ಆ ರತ್ನದ ಪಟ್ಟಿಯಲ್ಲಿ ಪಾದ್ರಿಯಿಲ್ಲ, ಮೌಲ್ವಿಯಿಲ್ಲ. ಪಕ್ಕದ ಕೇರಳದ ಮಾರ್ತೋಮಾ ಸಭೆಯ ಹಿರಿಯ ಮೆಟ್ರೊಪಾಲಿಟನ್ ಫಿಲಿಪೋಸ್ ಮಾರ್ ಕ್ರಿಸೊಸ್ಟೊಮ್ ಅವರಿಗೆ ನೂರು ವರ್ಷದ ಹತ್ತಿರತ್ತಿರ 2018ರಲ್ಲಿ ಪದ್ಮಭೂಷಣ ಬಂತು. ಅಲ್ಲಿ ಸಭೆಗೆ ಸಂಖ್ಯೆಯಿದೆ, ಪತ್ರಿಕೆಗಳಿವೆ, ಸದನದಲ್ಲಿ ಕುರ್ಚಿಗಳಿವೆ. ಬೀದರಿನ ಮಂಗಲಪೇಟೆಗೆ ಅದ್ಯಾವುದೂ ಇಲ್ಲ.

ಮಂಗಲಪೇಟೆಗೆ ಬರೋಣ. ಬೀದರ್ ಪಟ್ಟಣದ ಈ ಭಾಗದಲ್ಲಿ ಸೇಂಟ್ ಪಾಲ್ ಮೆಥೋಡಿಸ್ಟ್ ಚರ್ಚಿದೆ. ಊರಲ್ಲಿ ಮಿಷನ್ ಆಸ್ಪತ್ರೆಯಿದೆ, ನಾರ್ಮಾ ಫೆಂಡ್ರಿಚ್ ಎಂಬ ಮಿಷನರಿ ಮಹಿಳೆಯ ಹೆಸರಿನ ಶಾಲೆಯಿದೆ. ಅಮೆರಿಕದ ಮೆಥೋಡಿಸ್ಟರು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಕಡೆ ಕಾಲಿಟ್ಟರು. ಮುಂದೆ ಹಳ್ಳಿಗಳ ಮಾದಿಗ, ಹೊಲೆಯ ಕೇರಿಗಳು ಕೇರಿ ಕೇರಿಯಾಗಿಯೇ ಸಭೆ ಸೇರಿದವು. ಉರ್ದು ಆಳುತ್ತಿದ್ದ ಆ ದಿನಗಳಲ್ಲಿ ಕೇರಿಯ ಪ್ರಾರ್ಥನೆ ನಡೆದದ್ದು ಕನ್ನಡದಲ್ಲಿ, ಹಾಡಿದ್ದು ಕನ್ನಡದ ಕೀರ್ತನೆ, ಅಕ್ಷರ ಕಲಿತವನು ಬೆರಳಿಟ್ಟು ಓದಿದ್ದು ಕನ್ನಡ ಬೈಬಲ್. ಮಠದೊಳಗೆ ಗುಟ್ಟಾಗಿ ನಡೆದ ಕನ್ನಡವನ್ನು ನಾವು ಹೋರಾಟವೆನ್ನುತ್ತೇವೆ. ಕೇರಿಯ ಚರ್ಚಿನಲ್ಲಿ ಬಹಿರಂಗವಾಗಿ ನಡೆದ ಕನ್ನಡವನ್ನು ಧರ್ಮಪ್ರಚಾರದ ಖಾತೆಗೆ ಬರೆದು ಸುಮ್ಮನಾಗುತ್ತೇವೆ. ಎರಡನ್ನೂ ಸಮ ಮಾಡಿ ತೂಗಬೇಕೆಂದು ನಾನು ಹೇಳುತ್ತಿಲ್ಲ, ಅಪಾಯದ ತೂಕ ಬೇರೆ ಬೇರೆಯೇ. ಆದರೆ ಕನ್ನಡದ ಲೆಕ್ಕ ಬರೆಯುವಾಗ ಒಂದು ಪುಟವನ್ನೇ ಹರಿದು ಹಾಕುವುದು ಯಾವ ಲೆಕ್ಕ?

ಪಾದ್ರಿಗಳ ಸೇವೆ ಕಣ್ಣಿಗೆ ಬೀಳದಿರುವುದಕ್ಕೆ ಜಾತಿ, ಸಂಖ್ಯೆಗಳ ಹೊರತಾಗಿ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಮಠಾಧಿಪತಿ ಒಂದು ಊರಿಗೆ ಬಂದರೆ ಅಲ್ಲೇ ಗದ್ದುಗೆಯಾಗುತ್ತಾನೆ. ಊರಿನ ಹೆಸರು, ಅವನ ಹೆಸರು ಕೂಡಿಹೋಗುತ್ತವೆ. ‘ಭಾಲ್ಕಿ ಅಪ್ಪಗಳು’ ಎಂದರೆ ಮುಗಿಯಿತು. ಮೆಥೋಡಿಸ್ಟ್ ಸಭಾಪಾಲಕನಿಗೆ ಊರಿಲ್ಲ. ವರ್ಷಕ್ಕೊಮ್ಮೆ ಕಾನ್ಫರೆನ್ಸ್ ಕೂಡುತ್ತದೆ, ಯಾರು ಯಾವ ಸಭೆಗೆ ಎಂದು ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ. ನಿನ್ನೆ ಔರಾದ, ಇಂದು ಭಾಲ್ಕಿ, ನಾಳೆ ಹುಮನಾಬಾದ್. ಹೆಂಡತಿ ಮಕ್ಕಳೊಡನೆ ಪೆಟ್ಟಿಗೆ ಕಟ್ಟಬೇಕು. ನಲವತ್ತು ವರ್ಷದ ಸೇವೆ ಹತ್ತು ಊರಿಗೆ ಹಂಚಿಹೋಗುತ್ತದೆ, ಒಂದೊಂದು ಊರಿನ ನೆನಪಿಗೆ ಸಿಗುವುದು ಮೂರೋ ನಾಲ್ಕೋ ವರ್ಷ. ನಿವೃತ್ತಿಯ ವಯಸ್ಸಾದರೆ ಪಾರ್ಸನೇಜ್ ಖಾಲಿ ಮಾಡಬೇಕು. ಕ್ಯಾಥೊಲಿಕ್ ಗುರುಗಳದ್ದೂ ಹೆಚ್ಚುಕಡಿಮೆ ಇದೇ ಬಾಳು. ಬೀದರ್ ಜಿಲ್ಲೆಯನ್ನೊಳಗೊಂಡ ಕಲಬುರಗಿ ಧರ್ಮಪ್ರಾಂತ ಪ್ರತ್ಯೇಕವಾಗಿ ಹುಟ್ಟಿದ್ದೇ 2005ರಲ್ಲಿ. ‘ದೀರ್ಘ ಸೇವೆ’ ಎಂದು ನಾವು ಅಳೆಯುವ ಕೋಲು ಒಂದೇ ಜಾಗದಲ್ಲಿ ಕೂತವರಿಗೆ ಹೇಳಿ ಮಾಡಿಸಿದ್ದು. ತಿರುಗಿದವರನ್ನು ಅದು ಅಳೆಯಲಾರದು. ಪಟ್ಟದ್ದೇವರು ಜೋಳಿಗೆ ಹಿಡಿದು ತಿರುಗಿದವರೇ, ಆದರೆ ಸಂಜೆಗೆ ಮರಳಲು ಅವರಿಗೊಂದು ಮಠವಿತ್ತು.

ಸದನದಲ್ಲಿ ಕೇರಿಯ ಈ ಕ್ರೈಸ್ತರ ಮಾತು ಎತ್ತುವವರು ಯಾರು? ಔರಾದ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಯವರೆನಿಸುವುದಿಲ್ಲ. ಅಂದರೆ ಅದೇ ಕೇರಿಯಲ್ಲಿ, ಅದೇ ಗೋಡೆಗೆ ಗೋಡೆ ಹಚ್ಚಿ ಬದುಕುವ ಇಬ್ಬರು ಅಣ್ಣತಮ್ಮಂದಿರಲ್ಲಿ ಭಾನುವಾರ ಚರ್ಚಿಗೆ ಹೋಗುವವನು ಔರಾದದಿಂದ ಚುನಾವಣೆಗೆ ನಿಲ್ಲಲಾರ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವನಿಗೆ ಪ್ರವರ್ಗ ಒಂದರಲ್ಲಿ ಜಾಗವಿದೆ, ಶಾಸನಸಭೆಯ ಮೀಸಲಿನಲ್ಲಿ ಇಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11ಕ್ಕೆ ರಾಜ್ಯಪಾಲರ ನಾಮಕರಣವಿದೆ. ಸಾಹಿತ್ಯ, ಕಲೆ, ವಿಜ್ಞಾನ, ಸಹಕಾರದ ಜೊತೆಗೆ ಸಮಾಜಸೇವೆ ಎಂಬ ಬಾಗಿಲೂ ಅದರಲ್ಲಿದೆ. ಆ ಬಾಗಿಲಿನಿಂದ ಪಕ್ಷದವರು ಒಳಹೋದಷ್ಟು ಸಲೀಸಾಗಿ ಸೇವೆ ಮಾಡಿದವರು ಹೋಗಿಲ್ಲ.

ಸದನ ಪಾದ್ರಿಗಳ ಬಗ್ಗೆ ಮಾತೇ ಆಡಿಲ್ಲವೆಂದರೆ ಸುಳ್ಳಾದೀತು. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ವಿಧೇಯಕದ ಮೇಲೆ ವಿಧಾನಸಭೆ ಜೋರಾಗಿಯೇ ಮಾತಾಡಿತು. ಮರುವರ್ಷ ಅದು ಕಾಯ್ದೆಯಾಯಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಕಾಯ್ದೆ ಬೇಕೋ ಬೇಡವೋ ಎಂಬ ಜಗಳ ಈ ಲೇಖನದ್ದಲ್ಲ. ಆದರೆ ಪಾದ್ರಿಯೆಂಬ ಮನುಷ್ಯ ಸದನದ ಕಡತಕ್ಕೆ ಸೇರಿದ್ದು ಸಂಶಯದ ಹೆಸರಾಗಿ. ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕೂತವನಾಗಿ, ಹಾಸ್ಟೆಲಿನ ಹುಡುಗನ ಫೀಜು ಕಟ್ಟಿದವನಾಗಿ ಅಲ್ಲ.

ರಾಜ್ಯದ ಗೌರವ ಬೇಡವೆಂದವರೂ ಇದ್ದಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳಿಗೆ 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ಪ್ರಧಾನಿಗೆ ಕಾಗದ ಬರೆದು, ಸನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ವಿನಯದಿಂದಲೇ ಹಿಂದಿರುಗಿಸಿದರು. ಸಮಾಧಿ ಕಟ್ಟಬೇಡಿ, ಸ್ಮಾರಕ ಬೇಡ, ದೇಹವನ್ನು ಸುಟ್ಟುಬಿಡಿ ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಅವರ ಬರಹದಂತೆ ದಹನವೇ ನಡೆಯಿತು. ಸರ್ಕಾರಿ ಗೌರವ ಮಾತ್ರ ತಪ್ಪಲಿಲ್ಲ. ಗುರು ಬೇಡವೆಂದರೂ ರಾಜ್ಯಕ್ಕೆ ಬೇಕಾಗಿರುತ್ತದೆ. ಗೌರವದಿಂದ ಗೌರವ ಪಡೆಯುವವರು ಯಾರು ಎಂಬುದು ಅಂಥ ಹೊತ್ತಿನಲ್ಲಿ ಬೆಳಕಿಗೆ ಬರುತ್ತದೆ.

ಸರ್ಕಾರದ ಹೊರಗೆ ನಡೆದ ಒಂದು ಸನ್ಮಾನ ನನ್ನ ಮನಸ್ಸಿನಲ್ಲಿ ಕೂತಿದೆ. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕನ್ನಡ ಉಸಿರಾಡಲು ಕಲಿಯುತ್ತಿದ್ದ ನೆಲದಲ್ಲಿ ಕನ್ನಡಿಗರು ಅಧ್ಯಕ್ಷ ಪೀಠಕ್ಕೆ ಕರೆತಂದದ್ದು ಒಬ್ಬ ಪಾದ್ರಿಯನ್ನು: ರೆವರೆಂಡ್ ಉತ್ತಂಗಿ ಚನ್ನಪ್ಪ. ಬಾಸೆಲ್ ಮಿಷನ್ನಿನ ಈ ಸಭಾಪಾಲಕರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದ್ದರು. ಭಾಲ್ಕಿಯಲ್ಲಿ ಪಟ್ಟಾಧಿಕಾರವಾದದ್ದೂ ಅದೇ ವರ್ಷ. ಅನುಭವ ಮಂಟಪ ಇದ್ದದ್ದೇ ಸುಳ್ಳು ಎಂಬ ವಾದ ಎದ್ದಾಗ, ಇತ್ತು ಎಂದು ಸಾಧಿಸಲು ಪುಸ್ತಕ ಬರೆದವರೂ ಈ ಪಾದ್ರಿಯೇ. ಇದ್ದುದನ್ನು ಒಬ್ಬರು ಹಾಳೆಯ ಮೇಲೆ ವಾದಿಸಿ ತೋರಿಸಿದರು, ಇನ್ನೊಬ್ಬರು ಕಲ್ಯಾಣದಲ್ಲಿ ಕಲ್ಲಿಟ್ಟು ಕಟ್ಟಿಸಿದರು. ಉತ್ತಂಗಿಯವರನ್ನು ಸಮ್ಮೇಳನ ಕರೆದದ್ದು ಪಾದ್ರಿಯೆಂದಲ್ಲ, ಪಾದ್ರಿಯಾಗಿದ್ದರೂ ಎಂದೂ ಅಲ್ಲ. ಎದುರಿಗೆ ಒಂದು ಪುಸ್ತಕವಿತ್ತು, ಅದನ್ನು ಎಲ್ಲರೂ ಓದಿದ್ದರು. ಕೆಲಸ ಕಣ್ಣಿಗೆ ಕಾಣುವಂತಿದ್ದರೆ ಗೌರವಕ್ಕೆ ವಿಶೇಷಣದ ಹಂಗಿರುವುದಿಲ್ಲ.

ಹಳ್ಳಿಯ ಸಭಾಪಾಲಕರಿಗೆ ಅಂಥ ಪುಸ್ತಕವಿಲ್ಲ. ಹಳೆಯ ಚರ್ಚುಗಳಲ್ಲಿ ಒಂದು ಮರದ ಹಲಗೆ ಇರುತ್ತದೆ. ಬಿಳಿ ಬಣ್ಣದಲ್ಲಿ ಹೆಸರು, ಎದುರಿಗೆ ಬಂದ ವರ್ಷ, ಹೋದ ವರ್ಷ. ಒಂದು ಸಾಲಿಗೆ ಒಬ್ಬರು. ಹೊಸ ಪಾಸ್ಟರ್ ಸಾಹೇಬರು ಬಂದಾಗ ಪೇಂಟರನನ್ನು ಕರೆಸಿ ಇನ್ನೊಂದು ಸಾಲು ಬರೆಸುತ್ತಾರೆ; ಹೋಗುವ ವರ್ಷದ ಜಾಗ ಖಾಲಿ ಬಿಟ್ಟಿರುತ್ತಾರೆ. ಆ ಎರಡು ವರ್ಷಗಳ ನಡುವಿನ ಸಣ್ಣ ಗೀಟಿನೊಳಗೆ ಯಾವ ಹುಡುಗಿ ನರ್ಸ್ ಓದಿದಳು, ಯಾವ ಮುದುಕ ಹೆಸರು ಬರೆಯಲು ಕಲಿತ ಎಂಬುದನ್ನು ಹಲಗೆ ಹೇಳುವುದಿಲ್ಲ. ಕೇಳಬೇಕೆಂದರೆ ಕೇರಿಯ ಹಿರಿಯರು ಇನ್ನೂ ಕೆಲವರು ಇದ್ದಾರೆ, ಭಾನುವಾರ ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಸಿಗುತ್ತಾರೆ.